ನಕ್ಷೆಯೊಂದೇ ಸಾಲದು, ಒಂದು ಸಾಹಸವೂ ಜೊತೆಗಿರಲಿ

ಮೇಜಿನ ಸುತ್ತ ಕೂತು ಆಡುವ ರೋಲ್‌ಪ್ಲೇಯಿಂಗ್ ಆಟಗಳ ಪುಸ್ತಕದಲ್ಲಿ ಸಿದ್ಧ ಕಥೆ ಇರಬೇಕೇ, ಬೇಡವೇ? ಐವತ್ತು ವರ್ಷದ ಈ ಚರ್ಚೆಗೆ ಬೀದರದ ಮಣ್ಣಿನಲ್ಲಿ ಒಂದು ಉತ್ತರವಿದೆ.

ಹದಿನೈದನೇ ಶತಮಾನದಲ್ಲಿ ರಷ್ಯದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಕುದುರೆಯನ್ನು ಮಾರಲು ಬೀದರಕ್ಕೆ ಬಂದ. ದಾರಿಯಲ್ಲಿ ಜುನ್ನರದ ಅಧಿಕಾರಿ ಆ ಕುದುರೆಯನ್ನು ಕಿತ್ತುಕೊಂಡಿದ್ದ. ಧರ್ಮ ಬದಲಿಸಿದರೆ ಕುದುರೆಯ ಜೊತೆಗೆ ಸಾವಿರ ಚಿನ್ನದ ನಾಣ್ಯ, ಇಲ್ಲದಿದ್ದರೆ ಕುದುರೆಯೂ ಇಲ್ಲ, ಮೇಲೆ ದಂಡ. ಯೋಚಿಸಲು ಸಿಕ್ಕಿದ್ದು ನಾಲ್ಕು ದಿನ. ಕೊನೆಗೆ ಖುರಾಸಾನದ ಒಬ್ಬ ಪರಿಚಿತ ನಡುವೆ ಬಂದು ಅಧಿಕಾರಿಯ ಮನಸ್ಸು ತಿರುಗಿಸಿದ. ನಿಕಿತಿನ್ ತನ್ನ ಧರ್ಮವನ್ನೂ ಕುದುರೆಯನ್ನೂ ಉಳಿಸಿಕೊಂಡು ಬೀದರ ಸೇರಿದ.

ಬೀದರದಲ್ಲಿ ಅವನು ಕಣ್ಣಿಗೆ ಬಿದ್ದುದನ್ನೆಲ್ಲ ಬರೆದಿಟ್ಟ. ಸುಲ್ತಾನನ ಅರಮನೆಗೆ ಏಳು ಬಾಗಿಲು, ಪ್ರತಿ ಬಾಗಿಲಲ್ಲೂ ನೂರು ಕಾವಲುಗಾರರು, ಜೊತೆಗೆ ಒಳಗೆ ಹೋಗುವವರ ಮತ್ತು ಹೊರಗೆ ಬರುವವರ ಹೆಸರು ಬರೆದುಕೊಳ್ಳುವ ನೂರು ಲಿಪಿಕಾರರು. ರಾತ್ರಿ ದೀವಟಿಗೆ ಹಿಡಿದು ಊರು ಕಾಯುವ ಪಹರೆ. ಆಳಂದದ ಜಾತ್ರೆಯ ಕುದುರೆ ವ್ಯಾಪಾರ. ರಾತ್ರಿ ಕೂಗುತ್ತ ಹಾರುವ, ಯಾವ ಮನೆಯ ಮೇಲೆ ಕೂತರೆ ಆ ಮನೆಯಲ್ಲಿ ಸಾವು ತರುವ ಗುಕೂಕ್ ಎಂಬ ಹಕ್ಕಿ. ಸೈನ್ಯ ಕಟ್ಟಿಕೊಂಡು ಬರುವ ಕೋತಿಗಳ ರಾಜ.

ಇದರಲ್ಲಿ ಎರಡು ಬಗೆಯ ಬರವಣಿಗೆಯಿದೆ. ಬಾಗಿಲು, ಕಾವಲು, ಜಾತ್ರೆ, ಹಕ್ಕಿ ಇವೆಲ್ಲ ಲೋಕದ ವಿವರ. ಕುದುರೆಯದು ಕಥೆ: ಒಬ್ಬನಿಗೆ ಏನೋ ಬೇಕು, ಒಬ್ಬ ಅಡ್ಡ ನಿಂತಿದ್ದಾನೆ, ಗಡುವು ಹತ್ತಿರ ಬರುತ್ತಿದೆ. ಮೊದಲನೆಯದು ನಮಗೆ ಬೀದರವನ್ನು ತೋರಿಸುತ್ತದೆ. ಎರಡನೆಯದು ನಮ್ಮನ್ನು ಬೀದರದೊಳಕ್ಕೆ ಎಳೆದುಕೊಳ್ಳುತ್ತದೆ.

ಏನಿದು ಆಟ?

ರೋಲ್‌ಪ್ಲೇಯಿಂಗ್ ಆಟಕ್ಕೆ ಒಂದು ಮೇಜು, ನಾಲ್ಕೈದು ಜನ, ಕಾಗದ, ಪೆನ್ಸಿಲ್ ಮತ್ತು ದಾಳ ಸಾಕು. ಒಬ್ಬರು ಆಟ ನಡೆಸುತ್ತಾರೆ. ಅವರನ್ನು ಗೇಮ್ ಮಾಸ್ಟರ್ ಎನ್ನುತ್ತಾರೆ. ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ. ‘ಕೋಟೆಯ ಬಾಗಿಲು ಮುಚ್ಚಿದೆ, ಕಾವಲುಗಾರ ನಿಮ್ಮನ್ನೇ ನೋಡುತ್ತಿದ್ದಾನೆ, ಏನು ಮಾಡುತ್ತೀರಿ?’ ಎಂದು ಗೇಮ್ ಮಾಸ್ಟರ್ ಕೇಳುತ್ತಾರೆ. ಒಬ್ಬರು ಮಾತಿನಲ್ಲಿ ಒಲಿಸಲು ನೋಡುತ್ತಾರೆ, ಇನ್ನೊಬ್ಬರು ಗೋಡೆ ಹತ್ತುತ್ತೇನೆ ಎನ್ನುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಉರುಳುತ್ತದೆ. ಆರು ಮುಖದ ದಾಳದ ಜೊತೆ ನಾಲ್ಕು, ಎಂಟು, ಹತ್ತು, ಹನ್ನೆರಡು, ಇಪ್ಪತ್ತು ಮುಖದ ದಾಳಗಳೂ ಇಲ್ಲಿವೆ. ಈ ಆಟದಲ್ಲಿ ಒಬ್ಬರು ಗೆದ್ದು ಇನ್ನೊಬ್ಬರು ಸೋಲುವುದಿಲ್ಲ. ಎಲ್ಲರೂ ಸೇರಿ ಒಂದು ಕಥೆ ಕಟ್ಟುತ್ತಾರೆ.

ಇದಕ್ಕೆ ಬೇಕಾದ ಪುಸ್ತಕಗಳಲ್ಲಿ ಒಂದು ನಿಯಮದ ಪುಸ್ತಕ. ಇನ್ನೊಂದು ಸೋರ್ಸ್‌ಬುಕ್, ಅಂದರೆ ಆಟ ನಡೆಯುವ ನಾಡಿನ ಚರಿತ್ರೆ, ಭೂಗೋಳ, ಜನ, ದೇವರು, ರಾಜಕೀಯ, ಪ್ರಾಣಿಪಕ್ಷಿಗಳನ್ನು ತುಂಬಿಕೊಂಡ ಆಕರಗ್ರಂಥ. ಆಡಲು ಸಿದ್ಧವಾದ ಒಂದು ಕಥೆಯನ್ನೂ, ಅಂದರೆ ಸಾಹಸವನ್ನೂ, ಈ ಗ್ರಂಥದೊಳಗೇ ಅಚ್ಚು ಹಾಕಬೇಕೇ ಎಂಬುದು ಆಟಗಾರರ ನಡುವಿನ ಹಳೆಯ ಜಗಳ. ಬೇಡ ಎನ್ನುವವರು, ‘ನಾಡನ್ನು ಕೊಡಿ, ಕಥೆ ನಾವು ಕಟ್ಟಿಕೊಳ್ಳುತ್ತೇವೆ’ ಎನ್ನುತ್ತಾರೆ. ಬೇಕು ಎನ್ನುವವರು, ‘ಪುಸ್ತಕ ಓದಿದೆವು, ಈಗ ಶುರು ಮಾಡುವುದು ಎಲ್ಲಿಂದ?’ ಎಂದು ಕೇಳುತ್ತಾರೆ. ನಾನು ಎರಡನೆಯವರ ಪರ.

ಕಪ್ಪೆಯ ಗುಡಿಯಿಂದ ಶುರುವಾದ ವಾದ

ಈ ಬಗೆಯ ಮೊದಲ ಆಟ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅಮೆರಿಕದಲ್ಲಿ ಹೊರಬಂದದ್ದು 1974ರಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ರೂಪಿಸಿದವರು. ಒಂದು ಪೆಟ್ಟಿಗೆ, ಒಳಗೆ ಮೂರು ಸಣ್ಣ ಪುಸ್ತಕ. ನಿಯಮವಿತ್ತು, ರಾಕ್ಷಸರಿದ್ದರು, ನಿಧಿಯ ಪಟ್ಟಿಯಿತ್ತು. ಪೂರ್ತಿ ಆಡಬಹುದಾದ ಕಥೆ ಮಾತ್ರ ಇರಲಿಲ್ಲ. ಮರುವರ್ಷ, 1975ರಲ್ಲಿ, ಆರ್ನೆಸನ್ ತನ್ನ ಕಲ್ಪನೆಯ ನಾಡಿನ ಹೆಸರಿನಲ್ಲೇ ‘ಬ್ಲ್ಯಾಕ್‌ಮೂರ್’ ಎಂಬ ಪೂರಕ ಪುಸ್ತಕ ತಂದ. ಅದರಲ್ಲಿ ‘ಕಪ್ಪೆಯ ಗುಡಿ’ ಎಂಬ ಸಾಹಸವಿತ್ತು. ಅಚ್ಚಾದ ಮೊದಲ ಸಿದ್ಧ ಸಾಹಸ ಅದೇ. ಎಂದರೆ ಅದು ಹುಟ್ಟಿದ್ದೇ ಪೂರಕ ಪುಸ್ತಕದ ಹೊಟ್ಟೆಯಲ್ಲಿ.

ಸಿದ್ಧ ಸಾಹಸವನ್ನು ಯಾರು ಕೊಳ್ಳುತ್ತಾರೆ ಎಂಬ ಅನುಮಾನ ಮೊದಮೊದಲು ಪ್ರಕಾಶಕರಿಗೇ ಇತ್ತು. 1976ರಲ್ಲಿ ಶುರುವಾದ ‘ಜಡ್ಜಸ್ ಗಿಲ್ಡ್’ ಎಂಬ ಸಣ್ಣ ಕಂಪನಿ ಅವನ್ನೇ ಮಾರಿ ಹೆಸರು ಮಾಡಿತು. 1978ರಿಂದ ಮೂಲ ಪ್ರಕಾಶಕರೂ ಸಾಹಸಗಳನ್ನು ಬಿಡಿಬಿಡಿಯಾಗಿ ಮಾರತೊಡಗಿದರು. ಹೊಸಬರ ಪೆಟ್ಟಿಗೆಯೊಳಗೆ ಇಟ್ಟುಕೊಟ್ಟ ಮೈಕ್ ಕಾರ್ ಅವರ ‘ಇನ್ ಸರ್ಚ್ ಆಫ್ ದಿ ಅನ್‌ನೋನ್’ ಈ ವಾದದ ಮಟ್ಟಿಗೆ ಬಹಳ ಮುಖ್ಯವಾದ ಪುಸ್ತಕ. ಅದರಲ್ಲಿ ಗವಿಯ ನಕ್ಷೆಯಿದೆ, ಕೋಣೆಗಳ ವರ್ಣನೆಯಿದೆ. ಯಾವ ಕೋಣೆಯಲ್ಲಿ ಯಾವ ಪ್ರಾಣಿ, ಯಾವ ನಿಧಿ ಎಂಬ ಜಾಗ ಮಾತ್ರ ಖಾಲಿ. ಪಟ್ಟಿಯಿಂದ ಆರಿಸಿ ಗೇಮ್ ಮಾಸ್ಟರೇ ತುಂಬಬೇಕು. ಸಿದ್ಧ ಕಥೆ ಕೈಕಟ್ಟುತ್ತದೆ ಎನ್ನುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ. ಅದು ಕಥೆಯನ್ನು ಕೊಡುತ್ತಲೇ ಕಥೆ ಕಟ್ಟುವುದನ್ನು ಕಲಿಸಿತು.

1981ರ ‘ಕಾಲ್ ಆಫ್ ಕ್ತುಲ್ಹು’ ಇನ್ನೊಂದು ಸಾಕ್ಷಿ. ಭಯಾನಕ ಕಥೆಗಳ ಈ ಆಟದ ನಿಯಮ ಪುಸ್ತಕದಲ್ಲೇ ಒಂದು ದೆವ್ವದ ಮನೆಯ ಸಾಹಸವಿತ್ತು. ನಲವತ್ತು ವರ್ಷ ಕಳೆದರೂ ಆ ಆಟಕ್ಕೆ ಹೊಸದಾಗಿ ಕಾಲಿಡುವವರಲ್ಲಿ ಎಷ್ಟೋ ಜನ ಆ ಮನೆಯ ಬಾಗಿಲಿನಿಂದಲೇ ಒಳಗೆ ಬರುತ್ತಾರೆ. ಈ ಆಟದಲ್ಲಿ ಕತ್ತಿ ಬೀಸಿ ಗೆಲ್ಲುವುದಲ್ಲ, ಹಳೆಯ ಪತ್ರಿಕೆ, ದಾಖಲೆ ಹುಡುಕಿ ಸತ್ಯ ತಿಳಿಯುವುದು ಮುಖ್ಯ ಎಂಬುದನ್ನು ನಿಯಮಗಳ ನೂರು ಪುಟ ಹೇಳುವುದಕ್ಕಿಂತ ಚೆನ್ನಾಗಿ ಆ ಒಂದು ಮನೆ ಹೇಳಿತು.

ಭಾರತದ ಛಾಯೆಯ ನಾಡುಗಳಿಗೂ ಈ ಪುಸ್ತಕಗಳಲ್ಲಿ ಜಾಗ ಸಿಕ್ಕಿದೆ. 2021ರ ‘ವ್ಯಾನ್ ರಿಕ್ಟನ್ಸ್ ಗೈಡ್ ಟು ರೇವನ್‌ಲಾಫ್ಟ್’ ಎಂಬ ಸೋರ್ಸ್‌ಬುಕ್‌ನಲ್ಲಿ ಅಜಿತ್ ಜಾರ್ಜ್ ಬರೆದ ಕಲಕೇರಿ ಎಂಬ ಭಾರತೀಯ ಛಾಯೆಯ ರಾಜ್ಯವಿದೆ. ಅದೇ ಪುಸ್ತಕದಲ್ಲಿ ಒಂದು ಸಿದ್ಧ ಸಾಹಸವೂ ಇದೆ. ಆದರೆ ಅದು ನಡೆಯುವುದು ಕಲಕೇರಿಯಲ್ಲಲ್ಲ, ಯುರೋಪಿನ ಛಾಯೆಯ ಒಂದು ದೆವ್ವದ ಮನೆಯಲ್ಲಿ. ಕಲಕೇರಿಗೆ ವರ್ಣನೆ ಸಿಕ್ಕಿತು, ಆ ಮನೆಗೆ ಆಟ ಸಿಕ್ಕಿತು. ಸಾಹಸ ಎಲ್ಲಿರುತ್ತದೋ ಆಟಗಾರರ ಕಾಲೂ ಮೊದಲು ಅಲ್ಲಿಗೇ ಹೋಗುತ್ತದೆ. ಮರುವರ್ಷ ಬಂದ ‘ಜರ್ನೀಸ್ ಥ್ರೂ ದಿ ರೇಡಿಯಂಟ್ ಸಿಟಡೆಲ್’ ಈ ಕ್ರಮವನ್ನೇ ತಿರುಗಿಸಿತು. ಹದಿಮೂರು ಸಾಹಸಗಳು, ಪ್ರತಿ ಸಾಹಸದ ಬೆನ್ನಿಗೆ ಆ ನಾಡಿನ ಪರಿಚಯ. ಮಿಮಿ ಮಂಡಲ್ ಬರೆದ ಬಂಗಾಳದ ಛಾಯೆಯ ನಾಡು ಅದರಲ್ಲಿದೆ. ಓದುಗರು ಆ ನೆಲವನ್ನು ಮೊದಲು ತುಳಿದು ಆಮೇಲೆ ತಿಳಿಯುತ್ತಾರೆ.

ಪ್ರಸಂಗವಿದ್ದರೆ ಅರ್ಥ

ಸಿದ್ಧ ಕಥೆ ಕಲ್ಪನೆಯನ್ನು ಕೊಲ್ಲುತ್ತದೆ ಎಂಬ ವಾದ ಕನ್ನಡಿಗರ ಮುಂದೆ ನಿಲ್ಲುವಂಥದ್ದಲ್ಲ. ಕರಾವಳಿಯ, ಕಾಸರಗೋಡಿನ ತಾಳಮದ್ದಳೆಯನ್ನು ನೋಡಿ. ವೇಷವಿಲ್ಲ, ಕುಣಿತವಿಲ್ಲ; ಕೂತು ಮಾತಾಡುವ ಆಟ. ಭಾಗವತರ ಮುಂದೆ ಪ್ರಸಂಗದ ಪುಸ್ತಕವಿದೆ, ಅದರಲ್ಲಿ ಪದ್ಯಗಳಷ್ಟೇ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅಲ್ಲೇ, ಆ ಕ್ಷಣದಲ್ಲೇ, ಎದುರಿಗಿರುವವನ ಮಾತನ್ನು ನೋಡಿಕೊಂಡು ತನ್ನ ಮಾತು ಕಟ್ಟುತ್ತಾನೆ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣದ ಪ್ರಸಂಗಗಳು ಶತಮಾನಗಳಿಂದ ಹಾಗೆಯೇ ಇವೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣರು ಇನ್ನೊಬ್ಬರ ವಾಲಿ, ರಾವಣರಂತೆ ಇರಲಿಲ್ಲ. ಪದ್ಯ ಅದೇ, ಅರ್ಥ ಪ್ರತಿ ರಾತ್ರಿ ಹೊಸದು.

ಅರ್ಥಧಾರಿಯ ಬೆನ್ನಿಗೆ ಪುರಾಣಗಳ, ಕಾವ್ಯಗಳ, ಶಾಸ್ತ್ರಗಳ ಓದು ಇರುತ್ತದೆ. ಅದು ಅವನ ಆಕರ. ಆದರೆ ಎಷ್ಟೇ ದೊಡ್ಡ ವಿದ್ವಾಂಸರನ್ನು ಕೂರಿಸಿ, ಪ್ರಸಂಗವನ್ನು ಗೊತ್ತು ಮಾಡದೆ ‘ಮಹಾಭಾರತದ ಬಗ್ಗೆ ಏನಾದರೂ ಆಡಿ’ ಎಂದರೆ ಕೂಟ ಏಳುವುದಿಲ್ಲ. ಇಂದು ‘ಕರ್ಣಪರ್ವ’ ಎಂದು ಗೊತ್ತಾದ ಮೇಲೆಯೇ ಮಾತಿಗೆ ಜೀವ ಬರುವುದು. ರೋಲ್‌ಪ್ಲೇಯಿಂಗ್ ಆಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪ್ರಸಂಗದಲ್ಲಿ ಕರ್ಣ ಬೀಳಲೇಬೇಕು. ಇಲ್ಲಿ ಕೊನೆಯೂ ಆಟಗಾರರ ಕೈಯಲ್ಲಿದೆ.

ಬೀದರದ ಪುಸ್ತಕ ಹೇಗಿರಬೇಕು?

ಈಗ ಬೀದರವನ್ನೇ ಒಂದು ಆಟದ ಲೋಕ ಮಾಡಿ ಪುಸ್ತಕ ಬರೆಯೋಣ ಎಂದುಕೊಳ್ಳಿ. ಆಕರಕ್ಕೆ ಕೊರತೆಯಿಲ್ಲ. ಗುಲಾಂ ಯಜ್ದಾನಿ 1947ರಲ್ಲಿ ಪ್ರಕಟಿಸಿದ ಬೀದರದ ಚರಿತ್ರೆ ಮತ್ತು ಸ್ಮಾರಕಗಳ ಗ್ರಂಥವೊಂದೇ ಸಾಕು. ಬಂಡೆಯಲ್ಲೇ ಕಡಿದ ಮೂರು ಸಾಲಿನ ಕಂದಕ, ಶರ್ಜಾ ದರವಾಜಾ, ಮುತ್ತಿನ ಚಿಪ್ಪು ಕೂರಿಸಿದ ರಂಗೀನ್ ಮಹಲ್, ಸೋಳಾ ಖಂಬ ಮಸೀದಿ, ಹಳೇ ಊರಿನ ನಡುವೆ ನಿಂತು ನಾಲ್ಕೂ ದಿಕ್ಕು ಕಾಯುತ್ತಿದ್ದ ಚೌಬಾರಾ, ಅಷ್ಟೂರಿನ ಗುಮ್ಮಟಗಳು. ಮಹಮೂದ್ ಗಾವಾನನ ಮದರಸಾ 1472ರದ್ದು. ಗಿಲಾನಿನಿಂದ ವ್ಯಾಪಾರಕ್ಕೆ ಬಂದು ವಜೀರನಾದವನು ಕಟ್ಟಿಸಿದ ವಿದ್ಯಾಲಯ. ಎದೆಮಟ್ಟದ ನೀರಿನಲ್ಲಿ ಸುರಂಗ ದಾಟಿ ದರ್ಶನ ಪಡೆಯುವ ಝರಣಿ ನರಸಿಂಹನ ಗುಹೆ. ಗುರುನಾನಕರ ಸಿಹಿನೀರಿನ ಝರಾ.

ಇಷ್ಟನ್ನೂ ಮುನ್ನೂರು ಪುಟದಲ್ಲಿ ಚೆಂದವಾಗಿ ಬರೆದು ಭಾಲ್ಕಿಯ ಒಬ್ಬ ಹದಿನೇಳರ ಹುಡುಗಿಯ ಕೈಗೆ ಕೊಟ್ಟರೆ ಅವಳು ಓದಿ ಮೆಚ್ಚಿಕೊಂಡಾಳು. ಶನಿವಾರ ಸಂಜೆ ಗೆಳತಿಯರು ಬಂದು ಸುತ್ತ ಕೂತಾಗ ಅವಳ ಬಾಯಿಂದ ಮೊದಲ ವಾಕ್ಯ ಯಾವುದು ಬರಬೇಕು? ಬೆಂಗಳೂರಿನ ಹುಡುಗರಿಗೆ ಬೋರ್ಡ್‌ಗೇಮ್ ಕೆಫೆಗಳಿವೆ, ಆಡಿ ಪಳಗಿದ ಹಿರಿಯರು ಪಕ್ಕದಲ್ಲಿ ಕೂತು ತೋರಿಸುತ್ತಾರೆ. ಭಾಲ್ಕಿಯ ಹುಡುಗಿಗೆ ಆ ಹಿರಿಯ ಇಲ್ಲ. ಅವಳಿಗೆ ಪುಸ್ತಕವೇ ಹಿರಿಯ. ಆ ಪುಸ್ತಕ ಆಡಿ ತೋರಿಸಬೇಕು.

ಒಂದು ಉದಾಹರಣೆ ನೋಡೋಣ. ನೌಬಾದಿನ ಕಾರೇಜ್ ಬಹಮನಿ ಕಾಲದ್ದು. ಇರಾನಿನಿಂದ ಬಂದ ತಂತ್ರ, ಬೀದರದ ಜಂಬಿಟ್ಟಿಗೆ ಬಂಡೆಯಲ್ಲಿ ಕೊರೆದ ನೆಲದಡಿಯ ಕಾಲುವೆ. ಒರತೆ ಸಿಗುವ ತಾಯಿಬಾವಿಯಿಂದ ಸಣ್ಣ ಇಳಿಜಾರಿನಲ್ಲಿ ನೀರು ತಾನಾಗಿಯೇ ಹರಿದುಬರುತ್ತದೆ. ಗಾಳಿ ಬೆಳಕಿಗೆ, ಹೂಳು ತೆಗೆಯಲು ನಡುನಡುವೆ ನೇರವಾದ ಬಾವಿಗಳು. ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು. ಶುಕ್ಲತೀರ್ಥ, ಜಮ್ನಾ ಮೋರಿ ಬೀದರದ ಇಂಥವೇ ಬೇರೆ ಕಾಲುವೆಗಳು. ಆಕರಗ್ರಂಥ ಕೊಡುವುದು ಇಷ್ಟು.

ಅದನ್ನೇ ಸಾಹಸವಾಗಿ ಬರೆದರೆ ಹೀಗಾಗುತ್ತದೆ. ವರ್ಷ 1475. ನೌಬಾದಿನ ಕಾರೇಜಿನಲ್ಲಿ ನೀರು ನಿಂತುಹೋಗಿದೆ. ಮೂರು ದಿನದಲ್ಲಿ ದೊಡ್ಡ ಕಾರವಾನು ಬರಲಿದೆ. ನೂರಾರು ಕುದುರೆಗೆ ನೀರು ಬೇಕು. ಆಟಗಾರರಲ್ಲಿ ಒಬ್ಬಳು ಕಾರೇಜ್ ತೋಡಿದವರ ಮೊಮ್ಮಗಳು, ಒಳದಾರಿ ಅವಳಿಗೆ ಗೊತ್ತು. ಒಬ್ಬ ಕುಶಲಕರ್ಮಿ, ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಲ್ಲಿ ಕಪ್ಪು ಬರಿಸುವವನು. ಒಬ್ಬ ಬಾಗಿಲ ಲಿಪಿಕಾರ. ಹಿಂದಿನ ರಾತ್ರಿ ಯಾರು ಹೊರಗೆ ಹೋದರು, ಯಾರು ಮರಳಲಿಲ್ಲ ಎಂಬುದು ಅವನ ಪುಸ್ತಕದಲ್ಲಿದೆ. ಇನ್ನೊಬ್ಬ ದೂರದೇಶದ ಕುದುರೆ ವ್ಯಾಪಾರಿ. ನೀರಿಲ್ಲದಿದ್ದರೆ ಅವನ ಬಂಡವಾಳವೇ ಹೋಯಿತು. ಸುರಂಗ ತಾನಾಗಿ ಕುಸಿಯಿತೇ, ಯಾರಾದರೂ ಮುಚ್ಚಿದರೇ? ಮುಚ್ಚಿದ್ದರೆ ಅವರಿಗೆ ಬೇಕಾಗಿದ್ದು ಏನು? ಸಾಹಸ ಬರೆದವರು ನಾಲ್ಕಾರು ಜನರ ಆಸೆ, ಅಂಜಿಕೆಗಳನ್ನು ಕೊಡುತ್ತಾರೆ, ಮೂರು ದಿನದಲ್ಲಿ ಯಾರೂ ಏನೂ ಮಾಡದಿದ್ದರೆ ಏನಾಗುತ್ತದೆ ಎಂದು ಹೇಳುತ್ತಾರೆ, ಅಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನದು ಮೇಜಿನ ಸುತ್ತ ಕೂತವರದು.

ಅಂಕಿಅಂಶವಾಗಿದ್ದ ಕಾರೇಜ್ ಈಗ ಸಮಸ್ಯೆಯಾಯಿತು. ತಾಯಿಬಾವಿ ಎಲ್ಲಿದೆ, ಇಳಿಜಾರು ಯಾವ ಕಡೆಗೆ, ಎಷ್ಟನೇ ಬಾವಿಯಲ್ಲಿ ಇಳಿದರೆ ಗಾಳಿ ಸಿಗುತ್ತದೆ ಎಂಬುದನ್ನು ಮಕ್ಕಳು ತಾವಾಗಿಯೇ ಕೇಳಿ ತಿಳಿಯುತ್ತಾರೆ. ಬಾಯಿಪಾಠ ಮಾಡಿದ್ದು ಪರೀಕ್ಷೆಯ ಮರುದಿನ ಹೋದೀತು, ಪಾತ್ರವಾಗಿ ಇಳಿದ ಬಾವಿ ಮರೆಯುವುದಿಲ್ಲ.

ಭಾಲ್ಕಿ, ಔರಾದ್

ಬೀದರ ಕೋಟೆಯಷ್ಟೇ ಜಿಲ್ಲೆಯಲ್ಲ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಈ ಭಾಗದಲ್ಲಿ ಮನೆಮನೆಯ ಮಾತು. ಇದನ್ನೇ ಆಟವಾಗಿ ನೋಡಿ: ನೀವು ಆ ಶಾಲೆಯ ಮಕ್ಕಳು, ಇವತ್ತು ತಪಾಸಣೆಗೆ ಅಧಿಕಾರಿ ಬರುತ್ತಿದ್ದಾನೆ, ಪಾಟಿಯ ಮೇಲೆ ಕನ್ನಡದ ಅಕ್ಷರಗಳಿವೆ. ಕತ್ತಿ ಬೇಡ, ರಾಕ್ಷಸ ಬೇಡ. ಒಂದು ಗಂಟೆಯ ಆಟ, ಒಂದು ಕೋಣೆ ಸಾಕು. ಭಾಷೆಯೊಂದನ್ನು ಉಳಿಸಿಕೊಳ್ಳುವುದೆಂದರೇನು ಎಂಬುದು ಆ ಕೋಣೆಯಲ್ಲಿ ಅರಿವಾಗುತ್ತದೆ.

ಔರಾದ್ ಮೂರು ಸೀಮೆ ಕೂಡುವ ಕಡೆಯಿದೆ. ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಿಗೆ ತೆಲಂಗಾಣ. ಸಂತೆಯಲ್ಲಿ ಕನ್ನಡ, ಮರಾಠಿ, ತೆಲುಗು, ದಖನಿ ನಾಲ್ಕೂ ಕೇಳಿಸುತ್ತವೆ. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಒಡೆಯಿತು. ಉದಗೀರ, ನಿಲಂಗಾ, ಅಹಮದಪುರ ಒಂದು ಕಡೆಗೆ, ಜಹೀರಾಬಾದ್, ನಾರಾಯಣಖೇಡ ಇನ್ನೊಂದು ಕಡೆಗೆ ಹೋದವು. ಬೀದರ, ಭಾಲ್ಕಿ, ಔರಾದ್, ಹುಮನಾಬಾದ್ ಕನ್ನಡದ ರಾಜ್ಯ ಸೇರಿದವು. ಹೊಲ ಈಚೆ, ಬೀಗರು ಆಚೆ, ನಡುವೆ ಮಾಂಜ್ರಾ ನದಿ. ಹೊಸ ಗಡಿ ಬಿದ್ದ ವಾರದಲ್ಲಿ ಒಂದು ಜೋಡಿ ದೇವಣಿ ಎತ್ತು, ಒಂದು ಮದುವೆ, ಒಂದು ಜಮೀನಿನ ಕಾಗದ ಇವಿಷ್ಟನ್ನು ಇಟ್ಟುಕೊಂಡರೆ ಎರಡು ಸಂಜೆಯ ಆಟವಾಗುತ್ತದೆ.

ಬೇಡ ಎನ್ನುವವರ ಮಾತಿಗೂ ಬೆಲೆಯಿದೆ

ಸಿದ್ಧ ಸಾಹಸ ಒಮ್ಮೆ ಆಡಿದರೆ ಮುಗಿಯಿತು, ಆಮೇಲೆ ಆ ಪುಟಗಳು ದಂಡ ಎನ್ನುವುದು ಮೊದಲ ಆಕ್ಷೇಪ. ಪುಸ್ತಕ ಕೊಂಡ ಆಟಗಾರನೇ ಕಥೆ ಓದಿಬಿಟ್ಟರೆ ಗುಟ್ಟು ಉಳಿಯುವುದಿಲ್ಲ ಎನ್ನುವುದು ಎರಡನೆಯದು. ಅಷ್ಟು ಪುಟದಲ್ಲಿ ಇನ್ನೂ ನಾಲ್ಕು ಊರಿನ ವಿವರ ಕೊಡಬಹುದಿತ್ತು ಎನ್ನುವುದು ಮೂರನೆಯದು. ಆಟಗಾರರನ್ನು ಒಂದೇ ಹಳಿಯ ಮೇಲೆ ಓಡಿಸುವ ಕೆಟ್ಟ ಸಾಹಸಗಳೂ ಬೇಕಾದಷ್ಟು ಬಂದಿವೆ.

ಇವಕ್ಕೆಲ್ಲ ಪರಿಹಾರ ಸಾಹಸವನ್ನು ಕೈಬಿಡುವುದಲ್ಲ, ಅಳತೆಯಲ್ಲಿ ಬರೆಯುವುದು. ಒಂದು ಪುಸ್ತಕಕ್ಕೆ ಒಂದೇ ಸಾಹಸ ಸಾಕು. ಅದು ಹತ್ತು ಹನ್ನೆರಡು ಪುಟ ಮೀರದಿರಲಿ, ಒಂದೆರಡು ಸಂಜೆಯಲ್ಲಿ ಮುಗಿಯಲಿ. ಸಾಧ್ಯವಾದರೆ ಕಳಚಿ ತೆಗೆಯಬಹುದಾದ ಬೇರೆ ಪುಸ್ತಿಕೆಯಾಗಿ ಕೊನೆಯಲ್ಲಿರಲಿ. ಆಗ ಆಟಗಾರರಿಗೆ ಗುಟ್ಟು ಗೊತ್ತಾಗುವುದಿಲ್ಲ, ಬೇಡವಾದವರಿಗೆ ಅಡ್ಡಿಯೂ ಆಗುವುದಿಲ್ಲ. ಮುಗಿದ ಮೇಲೂ ಅದರ ನಕ್ಷೆ, ಪಾತ್ರಗಳು ಮುಂದಿನ ಕಥೆಗೆ ಒದಗುತ್ತವೆ. ಪಳಗಿದವರು ಆ ಪುಟ ಬಿಟ್ಟು ಮುಂದೆ ಹೋಗಬಲ್ಲರು. ಹೊಸಬರಿಗೆ ಆ ಪುಟ ಇಲ್ಲದಿದ್ದರೆ ಇಡೀ ಪುಸ್ತಕವೇ ಮುಚ್ಚಿದ ಬಾಗಿಲು.

ಬರೆಯುವವರಿಗೂ ಇದರಿಂದ ಲಾಭವಿದೆ. ತಾನು ಕಟ್ಟಿದ ಲೋಕದಲ್ಲಿ ಒಂದು ಸಾಹಸ ಬರೆಯಲು ಕೂತಾಗಲೇ ಯಾವ ವಿವರ ದುಡಿಯುತ್ತದೆ, ಯಾವುದು ಬರೀ ಅಲಂಕಾರ ಎಂಬುದು ತಿಳಿಯುವುದು. ಸಾಹಸವೊಂದನ್ನೂ ಹುಟ್ಟಿಸಲಾಗದ ಲೋಕವನ್ನು ಇನ್ನೊಮ್ಮೆ ತಿದ್ದಬೇಕು.

ಒಂದು ಎಚ್ಚರ ಮಾತ್ರ ಬೇಕು. ಬೀದರದ ಜಾಗಗಳು ಬರೀ ಕಲ್ಲಲ್ಲ, ಜನ ಇಂದಿಗೂ ಕೈಮುಗಿಯುವ ನೆಲೆಗಳು. ಅಷ್ಟೂರಿನ ಅಹಮದ್ ಶಾಹ್ ವಲಿಯ ಉರುಸಿನಲ್ಲಿ ಹಿಂದೂ ಮುಸ್ಲಿಮರು ಒಟ್ಟಿಗೆ ಸೇರುತ್ತಾರೆ. ಲಿಂಗಾಯತರಲ್ಲಿ ಎಷ್ಟೋ ಜನ ಅವನನ್ನು ಅಲ್ಲಮಪ್ರಭುವಿನ ರೂಪವೆಂದು ನಂಬುತ್ತಾರೆ. ಅಂಥ ಗುಮ್ಮಟವನ್ನು ಪಿಶಾಚಿಗಳ ಅಡಗುತಾಣ ಮಾಡಿ, ಜೀವಂತ ಸಮುದಾಯವನ್ನು ಖಳರ ಗುಂಪು ಮಾಡಿ ಬರೆದ ಸಾಹಸ ನಮಗೆ ಬೇಡ. ಪೂರ್ವದೇಶಗಳನ್ನು ಹೊರಗಿನವರು ಹಾಗೆ ಬರೆದ ಪುಸ್ತಕಗಳು ಈ ಆಟದ ಚರಿತ್ರೆಯಲ್ಲಿವೆ, ಅವಕ್ಕೆ ಬಂದ ಟೀಕೆಯೂ ಇದೆ. ಖಳರಿಗೆ ಬೀದರದ ಚರಿತ್ರೆಯಲ್ಲೇ ಕೊರತೆಯಿಲ್ಲ: 1481ರಲ್ಲಿ ನಕಲಿ ಪತ್ರಕ್ಕೆ ಗಾವಾನನ ತಲೆದಂಡವಾಯಿತು. ಅವನ ಮುದ್ರೆಯನ್ನು ಕಳ್ಳತನದಲ್ಲಿ ಒತ್ತಿಸಿಕೊಂಡ ಆಸ್ಥಾನಿಕರ ಒಳಸಂಚು ಅದು. ಖಳರು ಬೇಕಿದ್ದರೆ ಅಧಿಕಾರದ ಆಸೆಯಲ್ಲಿ ಹುಡುಕಿ, ಜನರ ನಂಬಿಕೆಯಲ್ಲಿ ಅಲ್ಲ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೆ ಅಧಿಕೃತ ಕನ್ನಡ ರೂಪ ಬಂದಿಲ್ಲ. ಆದರೆ 2023ರ ಜನವರಿಯಲ್ಲಿ ಅದರ ಐದನೇ ಆವೃತ್ತಿಯ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಲಾಗಿದೆ. ಮೂಲವನ್ನು ಹೆಸರಿಸಿದರೆ ಸಾಕು, ಯಾರು ಬೇಕಾದರೂ ಕನ್ನಡಕ್ಕೆ ತರಬಹುದು, ತಮ್ಮ ನಾಡನ್ನು ಅದಕ್ಕೆ ಜೋಡಿಸಬಹುದು, ಮಾರಲೂಬಹುದು. ದಾರಿ ತೆರೆದಿದೆ.

ಬೀದರ, ಭಾಲ್ಕಿ, ಔರಾದಿನ ಇತಿಹಾಸದ ಮೇಷ್ಟ್ರುಗಳಿಗೆ, ಕಥೆಗಾರರಿಗೆ, ಕಾಲೇಜಿನ ಹುಡುಗ ಹುಡುಗಿಯರಿಗೆ ನನ್ನ ಕೋರಿಕೆ ಇಷ್ಟೇ. ನಮ್ಮ ಊರಿನ ಆಟದ ಪುಸ್ತಕವನ್ನು ನಾವೇ ಬರೆಯೋಣ. ಅದಕ್ಕೆ ಮುನ್ನೂರು ಪುಟದ ವಿವರ ಕೂಡಿಸುವವರೆಗೆ ಕಾಯುವುದು ಬೇಡ. ಮೊದಲು ಹತ್ತು ಪುಟದ ಒಂದು ಸಾಹಸ ಬರೆಯಿರಿ, ಮಕ್ಕಳನ್ನು ಕೂರಿಸಿ ಆಡಿಸಿ, ತಪ್ಪು ತಿದ್ದಿ. ಉಳಿದ ಪುಟಗಳಲ್ಲಿ ಏನಿರಬೇಕು ಎಂಬುದನ್ನು ಆಡಿದ ಮಕ್ಕಳ ಪ್ರಶ್ನೆಗಳೇ ಹೇಳಿಕೊಡುತ್ತವೆ.